ಕೋಟಿಯ ಎದುರು ಹತ್ತು ಡಾಲರ್

2025ರ ನವೆಂಬರ್ 4ರಂದು ಜೊಹ್ರಾನ್ ಮಮ್ದಾನಿ ನ್ಯೂಯಾರ್ಕ್ ನಗರದ ಮೇಯರ್ ಆಗಿ ಚುನಾಯಿತರಾದಾಗ ನಮ್ಮವರಲ್ಲಿ ಅನೇಕರು ಸಂಭ್ರಮಿಸಿದರು. ಆ ಮಹಾನಗರಕ್ಕೆ ಪ್ರಥಮ ಬಾರಿಗೆ ಮುಸ್ಲಿಮ್ ಮೇಯರ್ ದೊರೆತುದು ಸಣ್ಣ ಸಂಗತಿಯೇನಲ್ಲ. ಆದರೆ ಹೆಸರನ್ನು ಕಂಡು ಹಿಗ್ಗುವವರು ಆ ಚುನಾವಣೆಯ ಲೆಕ್ಕಪುಸ್ತಕವನ್ನೂ ತೆರೆದು ನೋಡುವುದೊಳಿತು.

1980ರ ದಶಕದಲ್ಲಿ ನ್ಯೂಯಾರ್ಕಿನ ಆಡಳಿತವು ಲಂಚದ ಹಗರಣಗಳಲ್ಲಿ ಮುಳುಗಿದಾಗ, 1988ರಲ್ಲಿ ಅಲ್ಲೊಂದು ಕಾನೂನು ಜಾರಿಗೆ ಬಂತು. ಅದರಂತೆ ನಗರವಾಸಿಯೊಬ್ಬ ಅಭ್ಯರ್ಥಿಗೆ ನೀಡುವ ಸಣ್ಣ ದೇಣಿಗೆಗೆ ಸರಕಾರಿ ಖಜಾನೆಯೂ ಹಣ ಸೇರಿಸುತ್ತದೆ. ಈಗ ಮೇಯರ್ ಅಭ್ಯರ್ಥಿಗೆ ದೊರೆಯುವ ಮೊದಲ 250 ಡಾಲರ್‌ವರೆಗಿನ ದೇಣಿಗೆಗೆ ಅದರ ಎಂಟು ಪಟ್ಟು ಸೇರುತ್ತದೆ. ಬಡವನ ಹತ್ತು ಡಾಲರ್ ತೊಂಬತ್ತಾಗುತ್ತದೆ. ಪ್ರತಿಯಾಗಿ ಅಭ್ಯರ್ಥಿಯು ವೆಚ್ಚದ ಮಿತಿಗೆ ಒಪ್ಪಬೇಕು.

ವಿಪರ್ಯಾಸವೆಂದರೆ, ಭ್ರಷ್ಟಾಚಾರ ತಡೆಯಲು ಬಂದ ಈ ಕಾನೂನಿಗೇ ಕನ್ನ ಹಾಕಿದ ಆರೋಪವು ಅಂದಿನ ಮೇಯರ್ ಎರಿಕ್ ಆಡಮ್ಸ್‌ರ ಮೇಲೆ ಬಂತು. ತುರ್ಕಿಯ ಮೂಲಗಳಿಂದ ಐಷಾರಾಮಿ ಪ್ರಯಾಣದ ಸವಲತ್ತು ಪಡೆದರು, ಬೇನಾಮಿ ದೇಣಿಗೆ ತೋರಿಸಿ ಖಜಾನೆಯ ಹಣ ಪಡೆದರು ಎಂದು 2024ರ ಸೆಪ್ಟೆಂಬರ್‌ನಲ್ಲಿ ದೋಷಾರೋಪ ಹೊರಿಸಲಾಯಿತು. ಅವರು ಅದನ್ನು ನಿರಾಕರಿಸಿದರು. ಆದರೆ ಸತ್ಯಾಸತ್ಯತೆಯ ವಿಚಾರಣೆ ನಡೆಯಲೇ ಇಲ್ಲ. ಟ್ರಂಪ್ ಆಡಳಿತವೇ ಮೊಕದ್ದಮೆ ಹಿಂಪಡೆಯಲು ಮುಂದಾಯಿತು. 2025ರ ಎಪ್ರಿಲ್‌ನಲ್ಲಿ ಪ್ರಕರಣವನ್ನು ವಜಾಗೊಳಿಸಿದ ನ್ಯಾಯಾಧೀಶರು, ಇದು ವಲಸೆ ನೀತಿಗಾಗಿ ನಡೆದ ಚೌಕಾಸಿಯಂತೆ ಕಾಣುತ್ತಿದೆಯೆಂದು ಬರೆಯದಿರಲಿಲ್ಲ. ಆದರೆ ನಗರದ ಚುನಾವಣಾ ನಿಧಿ ಮಂಡಳಿಯು ಅಷ್ಟರಲ್ಲೇ ಆಡಮ್ಸ್‌ರಿಗೆ ಸಾರ್ವಜನಿಕ ಹಣವನ್ನು ನಿರಾಕರಿಸಿತ್ತು. ಆಗಸ್ಟ್‌ನಲ್ಲಿ ಅವರ ಮಾಜಿ ಸಲಹೆಗಾರ್ತಿಯೊಬ್ಬರು ಪತ್ರಕರ್ತೆಗೆ ಚಿಪ್ಸ್ ಪೊಟ್ಟಣದಲ್ಲಿ ನಗದು ಇಟ್ಟುಕೊಟ್ಟ ಸುದ್ದಿ ಬಂತು. ಸೆಪ್ಟೆಂಬರ್‌ನಲ್ಲಿ ಆಡಮ್ಸ್ ಕಣದಿಂದ ಹಿಂದೆ ಸರಿದರು.

ಇನ್ನೋರ್ವ ಪ್ರಬಲ ಅಭ್ಯರ್ಥಿ, ಮಾಜಿ ರಾಜ್ಯಪಾಲ ಆ್ಯಂಡ್ರೂ ಕುವೊಮೊ. ಅವರ ಬೆಂಬಲಕ್ಕೆ ನಿಂತ ಸಂಘಟನೆಯೊಂದು ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲೇ 2 ಕೋಟಿ ಡಾಲರ್‌ಗೂ ಅಧಿಕ ವ್ಯಯಿಸಿತು. ಅದಕ್ಕೆ ಮಾಜಿ ಮೇಯರ್ ಬ್ಲೂಮ್‌ಬರ್ಗ್ ಒಬ್ಬರೇ 80 ಲಕ್ಷ ಡಾಲರ್‌ಗೂ ಮಿಗಿಲಾಗಿ ಕೊಟ್ಟರು. ಅಭ್ಯರ್ಥಿಗೆ ಮಿತಿಯುಂಟು, ಹೊರಗಿನ ಸಂಘಟನೆಗಿಲ್ಲ. ಕಾನೂನಿನ ಈ ತೂತನ್ನು ಅಮೆರಿಕದ ನ್ಯಾಯಾಲಯಗಳೇ ಮಾನ್ಯ ಮಾಡಿವೆ. ಮಮ್ದಾನಿಯ ಪರವೂ ಇಂತಹ ಸಂಘಟನೆಗಳು ಖರ್ಚು ಮಾಡಿದ್ದುಂಟು.

ಆದರೂ ಹಣ ಗೆಲ್ಲಲಿಲ್ಲ. ಸಣ್ಣ ದೇಣಿಗೆಗಳಿಂದಲೇ ಮಿತಿಯಷ್ಟು ಹಣ ಕೂಡಿದಾಗ, ಇನ್ನು ಹಣ ಕಳುಹಿಸಬೇಡಿ, ಮನೆಮನೆಗೆ ಹೋಗಿ ಮತ ಕೇಳಿ ಎಂದು ಮಮ್ದಾನಿ 2025ರ ಮಾರ್ಚ್‌ನಲ್ಲೇ ಕರೆ ಕೊಟ್ಟರು. ಬಾಡಿಗೆ, ಬಸ್ಸು, ಶಿಶುಪಾಲನೆ ಎಂಬ ದಿನನಿತ್ಯದ ಪ್ರಶ್ನೆಗಳನ್ನು ಹೊತ್ತು ಸಾವಿರಾರು ಸ್ವಯಂಸೇವಕರು ಬಾಗಿಲು ತಟ್ಟಿದರು. ಕೊನೆಗೆ ಧರ್ಮದ ಹೆಸರಲ್ಲಿ ಭೀತಿ ಹುಟ್ಟಿಸುವ ಯತ್ನವೂ ನಡೆಯಿತು, ಅದೂ ಫಲಿಸಲಿಲ್ಲ. ನವೆಂಬರ್‌ನಲ್ಲಿ 20 ಲಕ್ಷಕ್ಕೂ ಅಧಿಕ ಜನ ಮತ ಚಲಾಯಿಸಿದರು. 1969ರ ಬಳಿಕ ಅಲ್ಲಿನ ಮೇಯರ್ ಚುನಾವಣೆಯಲ್ಲಿ ಅಷ್ಟು ಮಂದಿ ಮತಗಟ್ಟೆಗೆ ಬಂದಿರಲಿಲ್ಲ.

ಮುಸ್ಲಿಮ್ ಹೆಸರು ಪ್ರಾಮಾಣಿಕತೆಯ ಪ್ರಮಾಣಪತ್ರವಲ್ಲ. ಆಡಮ್ಸ್‌ರಿಗೆ ಕೇಳಿದ ಲೆಕ್ಕವನ್ನು ಮಮ್ದಾನಿಯವರಿಗೂ ಕೇಳಬೇಕು. ಅದಕ್ಕೂ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಪ್ರಾಮಾಣಿಕ ಅಭ್ಯರ್ಥಿಯೊಬ್ಬನಿಗೆ ಸ್ವಂತ ಜೇಬಿನಿಂದ ಹತ್ತು ರೂಪಾಯಿ ಕೊಟ್ಟವರು ನಮ್ಮಲ್ಲೆಷ್ಟು ಮಂದಿ? ಮತದ ಹಿಂದಿನ ರಾತ್ರಿ ಬಂದ ಲಕೋಟೆಯನ್ನು ಹಿಂದಿರುಗಿಸಿದವರೆಷ್ಟು? ಮತವು ಅಮಾನತ್ತು. ಅದನ್ನು ಮಾರಿದವನಿಗೆ ಗೆದ್ದವನ ಲಂಚವನ್ನು ಪ್ರಶ್ನಿಸುವ ನೈತಿಕ ಹಕ್ಕು ಉಳಿಯುವುದಿಲ್ಲ.