ಕಳಿಸಿದರೆ ಮುಟ್ಟಿದಂತಾಯಿತೆ?

ನಮ್ಮ ಹೊಳೆಮಣ್ಣೂರಿನಲ್ಲಿ ಅಂಚೆಯವನು ಬಂದಾಗ ಮನೆಗೆ ಬೀಗವಿದ್ದರೆ ಪಕ್ಕದ ಮನೆಯವರನ್ನು ಕೇಳುತ್ತಿದ್ದ. ಹೊಲಕ್ಕೆ ಹೋಗಿದ್ದಾರೆಂದರೆ ಮರುದಿನ ಮತ್ತೆ ಬರುತ್ತಿದ್ದ. ಕಾಗದ ಮುಟ್ಟಿಸುವುದು ತನ್ನ ಕೆಲಸವೆಂದು ಅವನಿಗೆ ಗೊತ್ತಿತ್ತು. ಈಗ ಕಂಪ್ಯೂಟರಿನ ಮುಂದೆ ಕೂತವರಿಗೆ ಇಷ್ಟೂ ಗೊತ್ತಿಲ್ಲವೆ?

2024ರ ಜೂನಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಅಳುತ್ತ ಬಂದಳು. ಮಗಳಿಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತ್ತು. ಹಣ ತುಂಬುವ ದಿನ ತಿಳಿಸುವ ಈ-ಮೇಲ್ ಬರಲಿಲ್ಲ, ಜಾಗ ಬೇರೆಯವರ ಪಾಲಾಯಿತು. ಇಬ್ಬರೂ ಆ ಸಂಸ್ಥೆಗೆ ಹೋದೆವು.

"ನಾವು ಕಳಿಸೇವ್ರಿ ಅಕ್ಕೋರ. ಈ ಹೆಣ್ಮಕ್ಕಳು ನೋಡೂದಿಲ್ಲ" ಎಂದರು ಕಾರಕೂನರು. ತಾಯಿ ತಲೆ ತಗ್ಗಿಸಿದಳು. ನಾನು ತಗ್ಗಿಸಲಿಲ್ಲ. "ಕಳಿಸಿದ ದಾಖಲೆ ತೋರಸ್ರಿ" ಎಂದೆ.

ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ತೆರೆದು ತೋರಿಸಿದ. ಜಿಮೇಲ್ ವಿಳಾಸಗಳಿಗೆ ಹೋದ ಪತ್ರಗಳೆಲ್ಲ ಬಾಗಿಲಿನಿಂದಲೇ ತಿರುಗಿ ಬಂದಿದ್ದವು! ಕಳಿಸಿದವರು ನಿಜವಾಗಿ ಅವರೇ ಎಂಬ ಗುರುತಿಲ್ಲದ ಪತ್ರಗಳ ಮೇಲೆ 2024ರ ಫೆಬ್ರವರಿಯಿಂದ ಜಿಮೇಲ್ ಬಿಗಿ ಮಾಡಿದೆ. ತಿರುಗಿ ಬಂದ ಪತ್ರಗಳು ಬೀಳುವ ಡಬ್ಬಿಯನ್ನು ಕಚೇರಿಯಲ್ಲಿ ಒಬ್ಬರೂ ತೆರೆದಿರಲಿಲ್ಲ. ಈಗ ಹೇಳಿ, ನೋಡದವರು ಯಾರು?

ಸರ್ವರಿನಲ್ಲಿ ಪತ್ರ ಕಳಿಸುತ್ತಿದ್ದದ್ದು ಸೆಂಡ್‌ಮೇಲ್ ಎಂಬ ತಂತ್ರಾಂಶ. ಎರಿಕ್ ಆಲ್‌ಮನ್ ಎಂಬಾತ 1980ರ ದಶಕದ ಆರಂಭದಲ್ಲಿ ಬರ್ಕ್ಲಿಯಲ್ಲಿ ಬರೆದದ್ದು. ಆ ಕಾಲಕ್ಕೆ ದೊಡ್ಡ ಕೆಲಸವೇ. ಅದಕ್ಕೂ ಗುರುತು ಹಚ್ಚಬಹುದಿತ್ತು, ಆದರೆ ಅದರ ಜೋಡಣೆಯ ಕಡತ ಓದಬಲ್ಲವರು ಅಲ್ಲಿ ಯಾರೂ ಉಳಿದಿರಲಿಲ್ಲ.

"ಬದಲಾಯಿಸ್ರಿ" ಎಂದರೆ, "ಫೀ ಲೆಕ್ಕ, ಅಂಕಪಟ್ಟಿ ಎಲ್ಲಾ ಇದನ್ನ ಹೆಸರು ಹಿಡಿದು ಕರೀತಾವು, ಎಲ್ಲಾ ನಿಲ್ತಾವ್ರಿ" ಎಂದರು. ಇದೂ ನೆಪವೇ. ಐಬಿಎಂನಲ್ಲಿದ್ದ ವಿಯೆಟ್ಸೆ ವೆನೆಮಾ 1998ರಲ್ಲಿ ಹೊರತಂದ ಪೋಸ್ಟ್‌ಫಿಕ್ಸ್‌ನಲ್ಲಿ ಸೆಂಡ್‌ಮೇಲ್ ಎಂಬ ಹೆಸರಿನದೇ ಆಜ್ಞೆಯೊಂದಿದೆ. ಅತ್ತೆಯ ಹೆಸರು ಕೂಗಿದರೂ ಸೊಸೆ ಓಗೊಟ್ಟ ಹಾಗೆ! ಹಳೆಯ ತಂತ್ರಾಂಶಗಳಿಗೆ ಒಳಗೆ ಆಳು ಬದಲಾದದ್ದೇ ತಿಳಿಯುವುದಿಲ್ಲ. ಅದಕ್ಕೆ ದುಡ್ಡೂ ಕೊಡಬೇಕಿಲ್ಲ. ಗುರುತು ಹಚ್ಚುವ ಜೋಡಣೆ ಮಾತ್ರ ಬೇರೆ ಮಾಡಬೇಕು.

ನಾನು ಹೇಳುವುದಿಷ್ಟೆ. ಕಾಲ ಬದಲಾದಾಗ ಹೊಂದಿಕೊಳ್ಳುವ ಭಾರ ಯಂತ್ರದ ಮೇಲಿರಬೇಕು, ಹೊಲದಿಂದ ಬಂದು ಮಗಳ ಮೊಬೈಲ್ ಕೈಗೆತ್ತಿಕೊಳ್ಳುವ ತಾಯಿಯ ಮೇಲಲ್ಲ. ಯಾವ ಕಚೇರಿಯಲ್ಲೇ ಆಗಲಿ, ತಪ್ಪನ್ನು ಹೊರಿಸಲು ಹೆಣ್ಣಿನ ಹೆಗಲು ಸುಲಭವಾಗಿ ಸಿಗುತ್ತದೆ.

ಮೂರು ಸಲ ಅಡ್ಡಾಡಿದ ಮೇಲೆ ಒಂದು ರವಿವಾರ ತಂತ್ರಾಂಶ ಬದಲಾಯಿಸಿದರು. ಏನೂ ನಿಲ್ಲಲಿಲ್ಲ. ಪತ್ರಗಳು ಈಗ ಮುಟ್ಟುತ್ತವೆ. ಆ ಹುಡುಗಿಗೆ ಮಾತ್ರ ಹೋದ ಜಾಗ ತಿರುಗಿ ಸಿಗಲಿಲ್ಲ, ವರ್ಷವಿಡೀ ಬಸ್ಸಿಗೆ ಅಡ್ಡಾಡಿದಳು.

ಅಕ್ಕ-ತಂಗಿಯರೆ, "ಕಳಿಸಿದ್ದೇವೆ" ಎಂದು ಯಾರಾದರೂ ಹೇಳಿದರೆ ತಲೆ ತಗ್ಗಿಸಬೇಡಿ. ಮುಟ್ಟಿದ ದಾಖಲೆ ಕೇಳಿ.