ಅತ್ತರಿನ ಅಸಲು

ದೆಹಲಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಕನೌಜ್ ನೋಡಿರಲಿಲ್ಲ. ಹೋದ ಮಾರ್ಚಿನಲ್ಲಿ ಕಾನ್ಪುರಕ್ಕೆ ಮದುವೆಗೆ ಹೋದವನು ಒಂದು ದಿನ ಅತ್ತ ಹೋಗಿಬಂದೆ. ನಮ್ಮ ಇಮ್ಮಡಿ ಪುಲಕೇಶಿ ನರ್ಮದೆಯ ಬಳಿ ತಡೆದು ನಿಲ್ಲಿಸಿದ ಹರ್ಷವರ್ಧನನ ರಾಜಧಾನಿ ಅದು. ಈಗ ಅತ್ತರಿನ ಊರು.

ಕಾರ್ಖಾನೆ ಅಂದರೆ ಯಂತ್ರಗಳ ಸದ್ದು ಇರುತ್ತೆ ಅಂದುಕೊಂಡಿದ್ದೆ. ಒಳಗೆ ಹೋದರೆ ಸಾಲಾಗಿ ನಮ್ಮೂರ ಬಚ್ಚಲ ಒಲೆಗಳು ಇದ್ದ ಹಾಗಿತ್ತು! 'ದೇಗ್' ಅನ್ನುವ ತಾಮ್ರದ ಹಂಡೆಗೆ ಗುಲಾಬಿ, ನೀರು ತುಂಬಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಕೆಳಗೆ ಸೌದೆ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರ ತೊಟ್ಟಿಯಲ್ಲಿ ಕೂರಿಸಿದ 'ಭಪ್ಕಾ' ಎಂಬ ಪಾತ್ರೆಗೆ ಇಳಿಯುತ್ತದೆ. ಥರ್ಮಾಮೀಟರ್ ಇಲ್ಲ, ಕೈಯಿಂದ ಮುಟ್ಟಿ ನೋಡುವುದೇ ಲೆಕ್ಕ.

ಆ ಭಪ್ಕಾ ಖಾಲಿ ಇರುವಂತಿಲ್ಲ. ಸಾಂಪ್ರದಾಯಿಕ ಕ್ರಮದಲ್ಲಿ ಅದರಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರಬೇಕು. ಹೂವಿನ ಪರಿಮಳವನ್ನು ಹಿಡಿದಿಡುವುದು ಅದೇ. ಸೇರಿದ ನೀರು ಬಸಿದು, ಅದೇ ಎಣ್ಣೆಗೆ ಮರುದಿನ ಹೊಸ ಹೂವಿನ ಆವಿ. ಹೀಗೆ ಹಲವು ದಿನ. ಬ್ಯಾಂಕಿನವನ ಬುದ್ಧಿ ನೋಡಿ, ನನಗೆ ಹೊಳೆದದ್ದು ಹೀಗೆ: ಗಂಧದೆಣ್ಣೆ ಅಸಲು, ಹೂವು ದಿನದಿನ ಸೇರುವ ಬಡ್ಡಿ.

"ಎಣ್ಣೆ ನಮ್ಮ ಮೈಸೂರಿನದಾ?" ಅಂತ ಹೆಮ್ಮೆಯಿಂದ ಕೇಳಿದೆ. ಯಜಮಾನರು ನಕ್ಕರು. "ಸಾಹೇಬರೇ, ಗಂಧದ ಬೆಲೆ ಹಾಕಿದರೆ ಯಾರು ಕೊಳ್ಳುತ್ತಾರೆ? ಇದು ಪ್ಯಾರಾಫಿನ್."

ಮುಖ ಸಪ್ಪಗಾಯಿತು. ಆದರೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಾಗರದ ಕಡೆಯ ನಮ್ಮ ತೋಟದ ಬೇಲಿಯಲ್ಲಿ ಗಂಧದ ಸಸಿ ಹುಟ್ಟಿದರೆ ಅಜ್ಜ ಕಿತ್ತು ಬಿಸಾಡುತ್ತಿದ್ದರು. "ಮರ ಸರ್ಕಾರದ್ದು, ಕಳುವಾದರೆ ಕಷ್ಟ ನಮ್ಮದು" ಅನ್ನುತ್ತಿದ್ದರು. ಬೆಳೆಯುವವನ ಜಮೀನಿನಲ್ಲಿದ್ದರೂ ಮರ ಅವನದಲ್ಲ ಅಂದರೆ ಯಾರು ಕಾಯುತ್ತಾರೆ? 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ, ಮರವನ್ನು ಜಮೀನಿನ ಒಡೆಯನಿಗೇ ಬಿಟ್ಟುಕೊಟ್ಟಿತು. ಆದರೆ ಚೇಗು ಕಟ್ಟಲು ಹದಿನೈದು-ಇಪ್ಪತ್ತು ವರ್ಷ ಬೇಕು. ಕಳ್ಳರಿಗೆ ಅಷ್ಟು ತಾಳ್ಮೆ ಬೇಕಿಲ್ಲ!

ಇಲ್ಲಿ ಕರ್ನಾಟಕದವನು ಅಂದರೆ ಸಾಕು, "ಮೈಸೂರು ಚಂದನ!" ಅನ್ನುತ್ತಾರೆ. ನಾವೂ ಬೀಗುತ್ತೇವೆ. ಅಸಲು ಕರಗಿಹೋದ ಖಾತೆಯ ಪಾಸ್‌ಬುಕ್ ತೋರಿಸಿ ಬೀಗಿದ ಹಾಗೆ.

ಪ್ಯಾರಾಫಿನ್ ಬಳಸುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅಗ್ಗದ್ದು ಬೇಕಾದವರಿಗೆ ಅಗ್ಗದ್ದು ಸಿಗಲಿ. ಆದರೆ ಅಲ್ಲಿ ನಾನು ನೋಡಿದ ಸೀಸೆಗಳ ಮೇಲೆ ಹೂವಿನ ಹೆಸರು ಮಾತ್ರ ಇತ್ತು, ಒಳಗಿನ ಎಣ್ಣೆಯದು ಇರಲಿಲ್ಲ. ಸಾಲದ ಲೆಕ್ಕದಲ್ಲಿ ಅಸಲು ಬೇರೆ, ಬಡ್ಡಿ ಬೇರೆ ಬರೆಯಲೇಬೇಕು. ಅತ್ತರಿಗೂ ಅದೇ ನಿಯಮ ಇರಬೇಕು. ಗಂಧದ್ದಾದರೆ ಹಾಗೆ ಬರೆಯಲಿ, ಹೆಚ್ಚು ಬೆಲೆ ಕೇಳಲಿ. ಆ ಬೆಲೆ ಕೊಡುವವರಿದ್ದರೆ ತಾನೆ ಊರಲ್ಲಿ ಗಿಡ ನೆಡುವವನಿಗೂ ಧೈರ್ಯ?

ಬರುವಾಗ 'ಮಿಟ್ಟಿ ಅತ್ತರು' ಒಂದು ಸಣ್ಣ ಸೀಸೆ ಕೊಂಡೆ. ಸುಟ್ಟ ಮಣ್ಣಿನಿಂದ ಇಳಿಸಿದ್ದು, ಮೊದಲ ಮಳೆಯ ವಾಸನೆ. ಬಿಲ್ಲಿನಲ್ಲಿ ಎಣ್ಣೆ ಯಾವುದೆಂದೂ ಬರೆಯಿರಿ ಅಂದೆ. ಯಜಮಾನರು ಒಂದು ಕ್ಷಣ ನನ್ನ ಮುಖ ನೋಡಿ, 'ಪ್ಯಾರಾಫಿನ್' ಅಂತ ಬರೆದು ಸಹಿ ಹಾಕಿಕೊಟ್ಟರು.

ನಿಮ್ಮ ಮನೆಯ ಸೀಸೆ ಮೇಲೆ ಏನು ಬರೆದಿದೆ? ನೋಡಿ ಹೇಳಿ.