ಹಸುಳೆಯ ಮೈಗುಳ್ಳೆಗಳೂ ಕಣ್ಣಿನ ಪರೀಕ್ಷೆಯೂ

ನಾವುಂದದ ಆಸುಪಾಸಿನಲ್ಲಿ ಮೈಮೇಲೆ ಸಾಲಾಗಿ ನೀರುಗುಳ್ಳೆಗಳು ಎದ್ದರೆ ಅದನ್ನು ಸರ್ಪಸುತ್ತು ಎನ್ನುವುದು ವಾಡಿಕೆ. ದೊಡ್ಡವರ ವಿಷಯದಲ್ಲಿ ಈ ಊಹೆ ಅನೇಕ ಸಲ ನಿಜವೇ ಆಗಿರುತ್ತದೆ. ಆದರೆ ಎರಡು ವಾರವೂ ತುಂಬದ ಹೆಣ್ಣುಮಗುವಿನ ಕೈಕಾಲುಗಳಲ್ಲಿ ಗೆರೆ ಎಳೆದಂತೆ ಗುಳ್ಳೆಗಳು ಕಂಡಾಗ ನಾಟಿಮದ್ದು ಹಚ್ಚಿ ಕಾಯುವುದು ಅಪಾಯಕರ. ಅದು ತೀವ್ರ ಸೋಂಕಾಗಿರಬಹುದು. ಇಲ್ಲವೇ ಇನ್‌ಕಾಂಟಿನೆನ್ಷಿಯಾ ಪಿಗ್ಮೆಂಟಿ ಎಂಬ ಅಪರೂಪದ ವಂಶವಾಹಿ ರೋಗವೂ ಆಗಿರಬಹುದು.

ಎಕ್ಸ್ ವರ್ಣತಂತುವಿನಲ್ಲಿರುವ ಐಕೆಬಿಕೆಜಿ ಎಂಬ ವಂಶವಾಹಿಯ ದೋಷವೇ ಇದರ ಮೂಲ. ಗುಳ್ಳೆಗಳು ಒಣಗಿ ನರೂಲಿಯಂತಾಗುತ್ತವೆ, ಬಳಿಕ ಸುಳಿಸುಳಿಯಾದ ಕಂದುಕಲೆಗಳಾಗಿ ವರ್ಷಗಳು ಕಳೆದಂತೆ ಮಾಸುತ್ತವೆ. ಚರ್ಮವೇನೋ ತಾನಾಗಿ ಸುಧಾರಿಸುತ್ತದೆ. ಹಲ್ಲು, ಕೂದಲು, ಮಿದುಳು, ಕಣ್ಣುಗಳ ಕಥೆ ಬೇರೆ. ಅಕ್ಷಿಪಟಲದ ಅಂಚಿನ ರಕ್ತನಾಳಗಳು ಮುಚ್ಚಿಹೋಗಿ, ಪಟಲವೇ ಕಳಚಿಕೊಂಡರೆ ಮಗು ಕುರುಡಾಗುತ್ತದೆ. ಸಕಾಲದಲ್ಲಿ ಕಂಡುಹಿಡಿದರೆ ಲೇಸರ್ ಚಿಕಿತ್ಸೆಯಿಂದ ಬಹಳಷ್ಟು ಸಲ ದೃಷ್ಟಿಯನ್ನು ಉಳಿಸಬಹುದು.

ಅಪರೂಪದ ರೋಗಗಳ ರಾಷ್ಟ್ರೀಯ ನೀತಿ 2021ರಲ್ಲಿ ಜಾರಿಗೆ ಬಂತು. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಚರ್ಚೆಯೆಲ್ಲ ದುಬಾರಿ ಔಷಧಗಳ ಸುತ್ತಲೇ. ಈ ಮಗುವಿಗೆ ಮೊದಲು ಬೇಕಾದುದು ಲಕ್ಷಗಳಲ್ಲ, ಹುಟ್ಟಿದ ಕೆಲವೇ ದಿನಗಳಲ್ಲಿ ಒಂದು ಕಣ್ಣಿನ ಪರೀಕ್ಷೆ. ಅದಕ್ಕೆ ದಾರಿಯೂ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ಶಿಶುವಾರ್ಡುಗಳಿಗೆ ಕ್ಯಾಮೆರಾ ಒಯ್ದು ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ನೋಡಿ ತೀರ್ಮಾನಿಸುತ್ತಾರೆ. ದಿನ ತುಂಬದೆ ಹುಟ್ಟಿದ ಶಿಶುಗಳಿಗಾಗಿ ಏರ್ಪಟ್ಟ ಈ ಬಗೆಯ ಪರೀಕ್ಷೆ, ದಿನ ತುಂಬಿ ಹುಟ್ಟಿ ಮೈಯಲ್ಲಿ ಗುಳ್ಳೆಯೆದ್ದ ಶಿಶುವಿಗೂ ದೊರೆಯಬೇಕು. ಇದಕ್ಕೆ ಹೊಸ ಇಲಾಖೆ ಬೇಡ. ಗುಳ್ಳೆ ನೋಡಿದ ವೈದ್ಯರು ಕಣ್ಣಿನ ವಿಭಾಗಕ್ಕೆ ಒಂದು ಚೀಟಿ ಬರೆದರೆ ಆಯಿತು.

ಇನ್ನೊಂದು ಮಾತು. ಈ ದೋಷವಿರುವ ಗಂಡುಶಿಶುಗಳು ಬಹುತೇಕ ಗರ್ಭದಲ್ಲೇ ತೀರಿಕೊಳ್ಳುತ್ತವೆ. ಮೇಲಿಂದ ಮೇಲೆ ಗರ್ಭಪಾತವಾದ ಸೊಸೆಯನ್ನು ದೂರುವ ನಾಲಗೆಗಳು ನಮ್ಮ ಮನೆಗಳಲ್ಲೂ ಇಲ್ಲದಿಲ್ಲ. ರೋಗವು ಬಹುಪಾಲು ಮಕ್ಕಳಲ್ಲಿ ಹೊಸದಾಗಿ ಉಂಟಾಗುವಂಥದು. ತಾಯಿಯಿಂದ ಬಂದಿದ್ದರೂ ಅದು ಆಕೆಯ ತಪ್ಪಲ್ಲ. ತಾಯಿಯ ಮೀನಖಂಡದಲ್ಲಿ ಬಿಳಿಚಿದ ಗೆರೆಗಳಿವೆಯೇ, ಹುಟ್ಟಿನಿಂದಲೇ ಕೆಲವು ಹಲ್ಲುಗಳಿಲ್ಲವೇ ಎಂದು ವೈದ್ಯರು ಕೇಳಿದರೆ ಸಂಕೋಚಪಡದೆ ತಿಳಿಸಿ. ವಂಶವಾಹಿ ಸಲಹೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಅದಕ್ಕೆಂದೇ ವಿಭಾಗವಿದೆ.